ಔಷಧಿ ಇರೋ ಕುರಿ

ಕುರಿಗೆ ಕೊಟ್ಟ ಆಂಟಿಬಯೋಟಿಕ್ ಅದರ ಮಾಂಸದಲ್ಲಿ ಉಳಿದಿದೆಯೇ ಎಂದು ಲ್ಯಾಬಿನಲ್ಲಿ ಪರೀಕ್ಷಿಸುವುದು ನನ್ನ ಕೆಲಸ. ಒಮ್ಮೆ ಚಳ್ಳಕೆರೆಯ ಮಟನ್ ಅಂಗಡಿಯೊಂದಕ್ಕೆ ಹೋಗಿ, ಪರೀಕ್ಷೆಗೆ ಒಂದು ಚೂರು ಲಿವರ್ ಬೇಕೆಂದೆ. ಕಾರಣ ಕೇಳಿ ಅಂಗಡಿಯ ಬಾಷಾ ಸಾಹೇಬರ ಮುಖ ಇಳಿದುಹೋಯಿತು.

"ಮೆಲ್ಲಗೆ ಹೇಳ್ರಿ ಸರ್, ಗಿರಾಕಿಗಳು ಓಡಿಹೋಗ್ತಾರೆ!"

ಅಷ್ಟರಲ್ಲಿ ನನ್ನ ಹಿಂದಿದ್ದ ಅಜ್ಜಿಗೆ ಕೇಳಿಸಿಬಿಟ್ಟಿತ್ತು. ಕೆಮ್ಮುತ್ತಲೇ ಮುಂದೆ ಬಂದರು.

"ಔಷಧಿ ಇರೋ ಕುರಿ ಯಾವ್ದಪ್ಪ? ಅದ್ರಲ್ಲೇ ಅರ್ಧ ಕೆಜಿ ಕೊಡು. ಮಾತ್ರೆ ನುಂಗಿ ನುಂಗಿ ಸಾಕಾಗೈತೆ."

"ಅಜ್ಜಿ, ಹಂಗೆ ತಿಂದ್ರೆ ಮುಂದೆ ಮಾತ್ರೇನೂ ಕೆಲಸ ಮಾಡಲ್ಲ" ಎಂದು ತಿಳಿಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಂಡಿನೋವಿನವರೂ ಬಂದು ಸಾಲಿನಲ್ಲಿ ನಿಂತರು.

ಫಲಿತಾಂಶ ಬಂದಾಗ ಖುಷಿಯಿಂದ ಫೋನ್ ಮಾಡಿದೆ. "ಸಾಹೇಬ್ರೆ, ನಿಮ್ಮ ಮಟನ್‌ನಲ್ಲಿ ಯಾವ ಔಷಧಿಯೂ ಸಿಕ್ಕಿಲ್ಲ!"

"ಅಯ್ಯೋ, ಯಾರಿಗೂ ಹೇಳ್ಬೇಡ್ರಿ ಸರ್! ಅಜ್ಜಿ ಕೆಮ್ಮು ಆಗ್ಲೇ ನಿಂತೈತೆ."

ಅಜ್ಜಿ ಮಟನ್ ಸಾರಿಗೆ ಹಾಕಿದ ಕಾಳುಮೆಣಸಿಗೆ ಪಾಪ, ಯಾರೂ ಶ್ರೇಯ ಕೊಡಲಿಲ್ಲ.