ಮಫ್ಲರ್ ಕಟ್ಟಿದರೆ ಕಾಣದು, ಬಿಚ್ಚಿದರೆ ದಮ್ಮು

ಎಳ್ಳಮಾಸಿ ಹಬ್ಬದ ಮರುದಿನ ಬೆಳಿಗ್ಗೆ ನಾನು ಒಂದು ಕಬ್ಬಿನ ಬಂಡಿಗೆ ಹಿಂದಿನಿಂದ ಹೋಗಿ ಮೊಪೆಡ್ ಗುದ್ದಿದೆ.

ಬಂಡಿಯೇನು ಸಣ್ಣದಲ್ಲ. ಮನೆಯೆತ್ತರ ಕಬ್ಬು ಹೇರಿಕೊಂಡು ಅರ್ಧ ರಸ್ತೆ ತುಂಬಿಕೊಂಡು ಹೊರಟಿತ್ತು. ಎತ್ತುಗಳ ಕೊರಳಗಂಟೆ ನನಗೆ ಕೇಳಿಸುತ್ತಿತ್ತು. ಹಿಂದೆ ಕೂತಿದ್ದ ಹೆಂಡತಿ ಶಾಂತಾ "ಬಂಡಿ ಅದ ರೀ, ಬಂಡಿ" ಅಂದದ್ದೂ ಕೇಳಿಸಿತು. ಕಾಣಲಿಲ್ಲ, ಅಷ್ಟೇ. ಕನ್ನಡಕಕ್ಕೆ ಹಬೆ ಹಿಡಿದಿತ್ತು.

(ಗಾಬರಿಯಾಗಬೇಡಿ. ಶಾಂತಾಳ ಮೊಣಕೈ ತರಚಿತು, ಡಬ್ಬಿಯಲ್ಲಿದ್ದ ಹಬ್ಬದ ಭಜ್ಜಿ ಪಲ್ಯ ರಸ್ತೆಗೆ ಚೆಲ್ಲಿತು.) ಬಂಡಿಯವನು ಇಳಿದು ಬಂದು ನನ್ನ ಮುಖವನ್ನೇ ನೋಡಿದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಸಾಹೇಬ್ರ, ಚಸ್ಮಾ ಹಾಕ್ಕೊಂಡೀರಿ. ಆದ್ರೂ ಇಷ್ಟು ದೊಡ್ಡ ಬಂಡಿ ಕಾಣಲಿಲ್ಲೇನ್ರಿ?"

ಚಸ್ಮಾ ಹಾಕಿಕೊಂಡದ್ದಕ್ಕೇ ಕಾಣಲಿಲ್ಲ ಅಂತ ಅವನಿಗೆ ಹೇಗೆ ತಿಳಿಸಿ ಹೇಳುವುದು?

ಕನ್ನಡಕ ಇಲ್ಲದ ಪುಣ್ಯವಂತರಿಗೆ ನಮ್ಮ ಪಾಡು ಗೊತ್ತಿಲ್ಲ. ಥಂಡಿಯಲ್ಲಿ ಗಾಡಿ ಹೊಡೆಯುವಾಗ ಮೂಗು ಬಾಯಿ ಮುಚ್ಚಿ ಮಫ್ಲರ್ ಸುತ್ತಬೇಕು. ಉಸಿರಿಗೆ ಬೇರೆ ದಾರಿ ಸಿಗದೆ ಅದು ಮೇಲಕ್ಕೇರಿ ತಣ್ಣನೆಯ ಗಾಜಿಗೆ ಕೂಡುತ್ತದೆ. ಮಫ್ಲರ್ ಬಿಚ್ಚಬಾರದೇ? ಬಿಚ್ಚಬಹುದು. ಆದರೆ ನನಗೆ ದಮ್ಮಿನ ಕಾಟ. ಬೆಳಗಿನ ಗಾಳಿ ಎದೆಗೆ ಹೊಕ್ಕಿತೆಂದರೆ ಸಂಜೆ ಗೋಡೆಗೊರಗಿ ಕೂತು ಒಂದೊಂದು ಉಸಿರಿಗೂ ಒದ್ದಾಡಬೇಕು.

ಹಾಗಾದರೆ ಅಷ್ಟು ಬೆಳಿಗ್ಗೆ ಯಾಕೆ ಹೊರಡಬೇಕು? ಶಾಂತಾಳ ನೌಕರಿಗಾಗಿ. ಎಷ್ಟೋ ವರ್ಷ ಕಾದ ಮೇಲೆ ಈ ಜೂನಿನಲ್ಲಿ ಅವಳಿಗೆ ಹುಮನಾಬಾದಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಪ್ರಾರ್ಥನೆ ಏಳೂವರೆಗೆ. ನಮ್ಮ ಕಲ್ಯಾಣದಿಂದ ಹೊರಡುವ ಮೊದಲ ಬಸ್ಸು ಅಲ್ಲಿ ಮುಟ್ಟುವುದು ಎಂಟರ ಮೇಲೆ. ನನ್ನ ಆಫೀಸೂ ಅದೇ ಊರಲ್ಲಿ, ಆದರೆ ನನಗೆ ಹತ್ತೂವರೆಗೆ ಹೋದರೆ ಸಾಕು. ಅವಳಿಗೆ ಮೊಪೆಡ್ಡೇ ಗತಿ. (ಅಲ್ಲೇ ಮನೆ ಮಾಡಬಾರದೇ ಅನ್ನುತ್ತೀರಿ. ನಮ್ಮ ಅವ್ವನನ್ನು ಕಲ್ಯಾಣ ಬಿಡಿಸಿ ತೋರಿಸಿ, ಆಮೇಲೆ ಮಾತಾಡೋಣ.) ಕೆಲಸ ಇನ್ನೂ ಕಾಯಂ ಆಗಿಲ್ಲ, ತಡವಾಗಿ ಬಂದರೆ ಕಷ್ಟ ಎಂದು ಹೆಡ್ ಮೇಡಂ ಒಮ್ಮೆ ಹೇಳಿಯೂ ಆಗಿತ್ತು.

ಮಳೆಗಾಲ ಹೇಗೋ ಕಳೆಯಿತು. ದೀಪಾವಳಿ ದಾಟಿದ ಮೇಲೆ ಹಬೆ ಶುರುವಾಯಿತು. ಜೊತೆಗೆ ಸಲಹೆಗಳೂ.

"ಗಾಜಿಗಿ ಒಣಾ ಸಾಬೂನು ತಿಕ್ಕಿ ಒರಸ್ರಿ, ಉಗಿ ಹತ್ತಂಗಿಲ್ಲ" ಅಂದರು ಆಫೀಸಿನ ಪಾಟೀಲರು. ನಿಜವೇ. ನಡುದಾರಿಯ ರಾಜೇಶ್ವರದ ತನಕ ಗಾಜು ಲಕಲಕ ಅನ್ನುತ್ತಿತ್ತು. ಅಲ್ಲಿಂದ ಮುಂದೆ ಇಬ್ಬನಿ ಬಿದ್ದು ಸಾಬೂನು ಕರಗಿ ಕಣ್ಣಿಗಿಳಿಯಿತು. ಅತ್ತುಕೊಂಡೇ ಹುಮನಾಬಾದ್ ಮುಟ್ಟಿದೆ. ಆಫೀಸಿನೆದುರಿನ ಚಹಾದಂಗಡಿಯವನು ಆಲೂಗಡ್ಡೆ ಕೊಯ್ದು ತಿಕ್ಕಲು ಹೇಳಿದ. ಅದನ್ನೂ ಮಾಡಿದೆ. ಗಾಜಿಗೆ ಗಂಜಿ ಹಾಕಿದ ಹಾಗಾಯಿತು. ಕನ್ನಡಕವನ್ನು ಮೂಗಿನ ತುದಿಗಿಳಿಸಿದರೆ ಹಬೆ ಹಿಡಿಯುವುದಿಲ್ಲ ಅಂದರು ಮತ್ಯಾರೋ. ಹಿಡಿಯಲಿಲ್ಲ, ಮೊದಲ ತಗ್ಗಿಗೇ ಅದು ತೊಡೆಯ ಮೇಲೆ ಬಿತ್ತು.

ಕೊನೆಗೆ ಉಳಿದವಳು ಶಾಂತಾ. "ಎಡಕ್ಕ ತಗೋರಿ. ಲಾರಿ ಬರ್ಲಾಕತ್ತದ, ನಿಲ್ರಿ. ಹಾಂ, ಈಗ ಬಿಡ್ರಿ." ಹಿಂದಿನಿಂದ ಅವಳು ಹೇಳುವಳು, ನಾನು ಹಾಗೇ ಹೊಡೆಯುವೆ. ಅದೋ ಬೊಂಬಾಯಿ ಲಾರಿಗಳು ಹೈದರಾಬಾದಿಗೆ ಓಡುವ ರಸ್ತೆ. ಇಬ್ಬರೂ ಜೀವಂತ ಉಳಿದದ್ದೇ ದೊಡ್ಡದು.

ಬಂಡಿಗೆ ಗುದ್ದಿದ ಸಂಜೆ ಅವ್ವ ಸೊಸೆಯ ಮೊಣಕೈಗೆ ಅರಿಶಿಣ ಹಚ್ಚುತ್ತ, "ಸಾಕು ಬಿಡವ್ವ ಶಾಂತಾ, ಈ ನೌಕರಿ ಬ್ಯಾಡ. ಮೊದಲು ಜೀವ" ಅಂದಳು.

ಶಾಂತಾ ತಲೆ ಎತ್ತಲಿಲ್ಲ. "ಆಗ್ಲಿರಿ ಅತ್ತಿ, ಬಿಡ್ತೀನ್ರಿ" ಅಂದಳು.

ಮೂರನೇ ಕ್ಲಾಸಿನ ಮಕ್ಕಳು ಇವತ್ತು ಹೀಗೆ ಕೇಳಿದವು, ಹಾಗೆ ಕೇಳಿದವು ಎಂದು ದಿನಾ ರೊಟ್ಟಿ ಬಡಿಯುತ್ತ ಹೇಳುವವಳು ಅವಳು. ಹೇಳುತ್ತ ತಾನೇ ನಗುವಳು. ಜೂನಿಗೆ ಮುಂಚೆ ನಮ್ಮ ಮನೆಯಲ್ಲಿ ಆ ನಗು ನಾನು ಅಷ್ಟಾಗಿ ಕೇಳಿರಲಿಲ್ಲ. ಅದನ್ನು ಎರಡು ಗಾಜಿನ ಮೇಲಿನ ಹಬೆಗೆ ಕಳೆದುಕೊಳ್ಳುವುದೇ?

"ಬಿಡಬ್ಯಾಡ. ನಾ ಬ್ಯಾರೆ ಚಸ್ಮಾ ತರ್ತೀನಿ" ಅಂದೆ. (ಬೇರೆ ಚಸ್ಮಾಕ್ಕೆ ಹಬೆ ಹಿಡಿಯುವುದಿಲ್ಲವೇ? ಏನೋ ಅನ್ನಬೇಕಿತ್ತು, ಅಂದೆ.)

ಅವ್ವ ಅರಿಶಿಣದ ಬಟ್ಟಲು ಕೆಳಗಿಟ್ಟಳು.

"ಬಂಡಿ ನಿನಗ ಕಾಣಲೇ ಇಲ್ಲೇನು?"

"ಇಲ್ಲವ್ವ."

"ಶಾಂತಾಗ?"

"ಆಕಿಗಿ ಕಂಡಿತ್ತು. ದಿನಾ ಆಕೀನೇ ನೋಡಿ ಹೇಳ್ತಾಳ, ನಾ ಹೊಡೀತೀನಿ."

"ಆಕಿಗಿ ಕಾಣ್ತದ, ನಿನಗ ಕಾಣಂಗಿಲ್ಲ. ಮತ್ತ ಗಾಡಿ ನೀ ಯಾಕ ಹೊಡೀತಿ?"

ಶಾಂತಾ ಬೆರಗಾಗಿ ಅತ್ತೆಯನ್ನೇ ನೋಡುತ್ತಿದ್ದಳು. ಎರಡು ಊರಿನ ಮಂದಿ ಸೇರಿ ನನಗೆ ಸಾಬೂನು ಹೇಳಿದ್ದರು, ಆಲೂಗಡ್ಡೆ ಹೇಳಿದ್ದರು. ಸೀಟು ಬದಲಿಸುವುದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಇಲ್ಲ, ಶಾಂತಾಳಿಗೂ ಇಲ್ಲ. ಗಂಡ ಮುಂದೆ, ಹೆಂಡತಿ ಹಿಂದೆ, ಮುಗಿಯಿತು. ಕಣ್ಣು ಯಾರದ್ದು ನೆಟ್ಟಗಿದೆ ಎಂದು ಕೇಳಿ ಯಾರು ಗಾಡಿ ಹತ್ತುತ್ತಾರೆ ಹೇಳಿ?

ಮೊಣಕೈ ಗಾಯ ತೋರಿಸಿ ಶಾಂತಾ ಕೆಲವು ದಿನ ರಜೆ ಪಡೆದಳು. ನಮ್ಮೂರ ಕೋಟೆ ಪಕ್ಕದ ಬಯಲಿನಲ್ಲಿ ಅವಳಿಗೆ ಗಾಡಿ ಕಲಿಸಿದೆ. ಸೆರಗು ಬಿಗಿದು ಸಿಕ್ಕಿಸಿಕೊಂಡು ಹತ್ತಿದಳು, ಬಿದ್ದಳು, ನಗುತ್ತ ಮತ್ತೆ ಹತ್ತಿದಳು. ಅವ್ವ ಬೇರೆ ಬಂದು ಕಲ್ಲಿನ ಮೇಲೆ ಕೂತು, "ಹ್ಯಾಂಡಲ್ ನೋಡಬ್ಯಾಡ, ದಾರಿ ನೋಡು" ಎಂದು ಕಲಿಸುತ್ತಿದ್ದಳು. (ಅವ್ವ ಜನ್ಮದಲ್ಲಿ ಸೈಕಲ್ ಕೂಡ ಮುಟ್ಟಿದವಳಲ್ಲ.) ಲೈಸೆನ್ಸಿನ ಕೆಲಸವನ್ನೂ ಓಡಾಡಿ ಮಾಡಿಸಿದೆ.

ಈಗ ಶಾಂತಾ ಮುಂದೆ, ನಾನು ಹಿಂದೆ. ಮಫ್ಲರನ್ನು ಕಣ್ಣಿನ ಬುಡದ ತನಕ ಬಿಗಿದು ಆರಾಮ ಕೂತಿರುತ್ತೇನೆ. ಎದೆ ಬೆಚ್ಚಗಿದೆ. ಶಾಂತಾ ಪ್ರಾರ್ಥನೆಗೆ ಮೊದಲೇ ಶಾಲೆ ಮುಟ್ಟುತ್ತಾಳೆ, ಹೆಡ್ ಮೇಡಂ ಅವರ ತಕರಾರಿಲ್ಲ. ಹೆಂಗಸು ಗಾಡಿ ಹೊಡೆಯುತ್ತಾಳೆ, ಗಂಡಸು ಹಿಂದೆ ಕೂತು ಹೋಗುತ್ತಾನೆ ಎಂದು ರಾಜೇಶ್ವರದ ಕಟ್ಟೆಯ ಮೇಲೆ ಕೂತವರು ಬೆರಳು ಮಾಡಿ ತೋರಿಸಿ ನಗುತ್ತಾರಂತೆ. ಶಾಂತಾ ಹೇಳುತ್ತಾಳೆ.

ನನಗಂತೂ ಏನೂ ಕಾಣುವುದಿಲ್ಲ.