ಅವರು ಕೊಟ್ಟ ಮಂಚ

ದೋಹಾದಲ್ಲಿ ನಮ್ಮಂಥವರ ಮನೆಗೆ ನಾಲ್ಕು ಸಂಸಾರ ಒಟ್ಟಿಗೆ ಊಟಕ್ಕೆ ಬಂದರೆ ಗಂಡಸರಿಗೆ ಹಾಲ್, ಹೆಂಗಸರಿಗೆ ಮಂಚ. ಐನ್ ಖಾಲಿದ್‌ನ ನಮ್ಮ ಮನೆಯೆಂದರೆ ಒಂದು ದೊಡ್ಡ ವಿಲ್ಲಾಕ್ಕೆ ನಡುವೆ ಗೋಡೆ ಎಬ್ಬಿಸಿ ಆರು ಪಾಲು ಮಾಡಿದ್ದರಲ್ಲಿ ಒಂದು ಪಾಲು. ಹಾಲ್‌ನಲ್ಲಿ ಸೋಫಾ ಇಟ್ಟ ಮೇಲೆ ಕಾಲು ಚಾಚಲು ಜಾಗವಿಲ್ಲ. ಹಾಗಾಗಿ ಶುಕ್ರವಾರದ ಊಟ ಮುಗಿದೊಡನೆ ನಾವು ಐದಾರು ಹೆಂಗಸರು ಮಗಳ ಕೋಣೆಗೆ ಹೋಗಿ ಅವಳ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆವು. ಕೂತ ಐದು ನಿಮಿಷಕ್ಕೆ ನನ್ನ ಮೈ ಉರಿಯಲು ಶುರುವಾಗುತ್ತಿತ್ತು.

ಆ ಮಂಚ ಕೊಟ್ಟವರು ನನ್ನ ಗಂಡನ ಮ್ಯಾನೇಜರರ ಹೆಂಡತಿ. ಮೈಸೂರಿನವರು, ನನಗಿಂತ ದೊಡ್ಡವರು. ನಾನು ಅಕ್ಕಾ ಎಂದೇ ಕರೆಯುವುದು. ಅಲ್ ರಯ್ಯಾನ್‌ನಲ್ಲಿ ಅವರಿಗೆ ಕಂಪನಿಯ ಹೊಸ ಮನೆ ಸಿಕ್ಕಾಗ, ತಮ್ಮ ಮಗಳು ಮಲಗುತ್ತಿದ್ದ ಮಂಚವನ್ನೂ ಡ್ರೆಸಿಂಗ್ ಟೇಬಲ್ಲನ್ನೂ ಪಿಕಪ್ಪಿನಲ್ಲಿ ಹೇರಿ ನಮ್ಮಲ್ಲಿಗೆ ಕಳುಹಿಸಿದರು. ಆಗ ನನ್ನ ಮಗಳಿಗೆ ಒಂಬತ್ತು ವರ್ಷ. ಬೆಣ್ಣೆ ಬಣ್ಣದ ಮಂಚ, ಅಂಚಿಗೆಲ್ಲ ಚಿನ್ನದ ಬಣ್ಣದ ಬಳ್ಳಿ, ತಲೆಯ ಕಡೆ ಉಬ್ಬಿದ ಗುಲಾಬಿ ರೆಕ್ಸಿನ್, ಅದರ ನೆತ್ತಿಯ ಮೇಲೊಂದು ಮರದ ಕಿರೀಟ. ಮಗಳು ಕುಣಿದಾಡಿದಳು. ನಾನೂ ಎರಡೂ ಕೈ ಮುಗಿದಿದ್ದೆ, ಸುಳ್ಳು ಹೇಳುವುದಿಲ್ಲ.

ಕೊಟ್ಟ ಮೇಲೆ ಅದು ನಮ್ಮದಾಯಿತು ಎಂದು ನಾನು ತಿಳಿದಿದ್ದೆ. ಅಕ್ಕನ ಲೆಕ್ಕದಲ್ಲಿ ಹಾಗಿರಲಿಲ್ಲ. ಬಂದಾಗಲೆಲ್ಲ ಹಲಗೆ ತಟ್ಟಿ, “ನಮ್ಮ ಮಂಚ ಇನ್ನೂ ಎಷ್ಟು ಗಟ್ಟಿಯಾಗಿದೆ ನೋಡಿ” ಎನ್ನುವರು. ಯಾರಾದರೂ ಬಜೆಯ ತಟ್ಟೆ ಹಿಡಿದು ಕೂತರೆ, “ನಮ್ಮ ಮಂಚಕ್ಕೆ ಎಣ್ಣೆ ತಾಗಿಸ್ಬೇಡ್ರೀ” ಎಂದು ನಗುವರು. ಮಂಚ ಇರುವುದು ನನ್ನ ಮನೆಯಲ್ಲಿ, ಅದರಡಿಯ ಮರಳುಧೂಳು ಗುಡಿಸುವವಳು ನಾನು, ಮಂಚ ಮಾತ್ರ ಅವರದ್ದು. ಮ್ಯಾನೇಜರರ ಹೆಂಡತಿಯಲ್ಲವೇ, ನಾನೂ ಹಲ್ಲು ಕಿರಿಯುತ್ತಿದ್ದೆ.

ಮಗಳಿಗೆ ಹದಿನಾಲ್ಕು ತುಂಬಿದ ದಿನ ಅವಳ ಕ್ಲಾಸಿನ ಏಳು ಹುಡುಗಿಯರು ಬಂದಿದ್ದರು. ಅಕ್ಕನೂ ಬಂದರು. ಹುಡುಗಿಯರು ಮಂಚದ ಮೇಲೆ ಹತ್ತಿ ಕೂತಿದ್ದನ್ನು ಬಾಗಿಲಲ್ಲಿ ನಿಂತು ನೋಡಿ, ಮಲಯಾಳಿಗಳಿಗೂ ಫಿಲಿಪಿನೋ ಹುಡುಗಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದರು: ಮೆಲ್ಲಗೆ ಕೂತುಕೊಳ್ಳಿ ಮಕ್ಕಳೇ, ಇದು ನನ್ನ ಮಗಳು ಚಿಕ್ಕವಳಿದ್ದಾಗ ಮಲಗುತ್ತಿದ್ದ ಮಂಚ, ಪಾಪ ಇವಳಿಗೆ ಇರಲಿ ಎಂದು ಕೊಟ್ಟೆವು. ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಮಗಳು ಕೇಕಿನ ತಟ್ಟೆಯತ್ತ ಬಗ್ಗಿದವಳು ತಲೆ ಎತ್ತಲಿಲ್ಲ.

ಆಮೇಲೆ ಅವಳು ಯಾರನ್ನೂ ಮನೆಗೆ ಕರೆಯಲಿಲ್ಲ. ಗೆಳತಿಯರ ಜೊತೆ ವಿಡಿಯೋದಲ್ಲಿ ಮಾತಾಡಬೇಕಾದರೆ ಅಡುಗೆಮನೆಗೆ ಬಂದು ಫ್ರಿಜ್ಜಿಗೆ ಒರಗಿ ನಿಲ್ಲುತ್ತಿದ್ದಳು. ಕಿರೀಟ ಕಾಣಬಾರದಲ್ಲ. ಕುಕ್ಕರಿನ ಸದ್ದಿನಲ್ಲಿ ಅವಳು ಕಿವಿ ಮುಚ್ಚಿಕೊಂಡು ಮಾತಾಡುವುದನ್ನು ನೋಡಿದಾಗಲೆಲ್ಲ ನನಗೆ ಅಕ್ಕನ ಕತ್ತು ಹಿಸುಕಬೇಕು ಅನಿಸುತ್ತಿತ್ತು.

ಹೊಸ ಮಂಚದ ಮಾತೆತ್ತಿದರೆ ಗಂಡ ಕೈ ಅಲ್ಲಾಡಿಸಿದರು. “ಈ ವರ್ಷ ಮಾಫಿ, ಇಲ್ಲವೇ ಇಲ್ಲ ಮಾರಾಯ್ತಿ. ಓವರ್‌ಟೈಮ್ ನಿಲ್ಲಿಸಿದ್ದು ಗೊತ್ತುಂಟಲ್ಲ?”

ಗೊತ್ತಿತ್ತು. ಅವತ್ತೇ ನಾನು ಶಪಥ ಮಾಡಿದೆ. ಇದೇ ಮಂಚವನ್ನು ಗುರುತು ಸಿಗದ ಹಾಗೆ ಮಾಡುತ್ತೇನೆ. ಅಕ್ಕ ಇದರ ಮೇಲೆಯೇ ಕೂತು, ಎಲ್ಲಿ ತಗೊಂಡಿರಿ ಎಂದು ಬಾಯಿಬಿಟ್ಟು ಕೇಳಬೇಕು. ಆಗ ನಾಲ್ಕು ಜನರ ಎದುರು ಹೇಳುತ್ತೇನೆ, ನೀವು ಕೊಟ್ಟ ಮಂಚ ನಿಮಗೇ ಗೊತ್ತಾಗಲಿಲ್ಲವಲ್ಲ ಅಕ್ಕಾ ಎಂದು. ಆ ಮಾತನ್ನು ಪಾತ್ರೆ ತೊಳೆಯುವಾಗಲೆಲ್ಲ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡೆ.

ಬೇಸಿಗೆ ರಜೆಗೆ ಅವರು ಮೈಸೂರಿಗೆ ಹೋದರು. ನಾವು ಟಿಕೆಟಿಗೆ ದುಡ್ಡಿಲ್ಲದೆ ಇಲ್ಲೇ ಉಳಿದೆವು. ಮೊದಲ ದಿನವೇ ಗಂಡನ ಗರಗಸ ತೆಗೆದು ಕಿರೀಟ ಕೊಯ್ದೆ. ನಿಧಾನವಾಗಿ ಕೊಯ್ದೆ, ಬೇಗ ಮುಗಿಯುವುದು ಬೇಡವಾಗಿತ್ತು. ರೆಕ್ಸಿನ್ ಕಿತ್ತರೆ ಒಳಗಿನ ಸ್ಪಂಜು ಹಳದಿ ಪುಡಿಯಾಗಿ ಉದುರಿತು. ಚಿನ್ನದ ಬಳ್ಳಿಯನ್ನು ಉಳಿಯಿಂದ ಎಬ್ಬಿಸಿದೆ.

ಬಣ್ಣದಲ್ಲಿ ಮಾತ್ರ ಪೆಟ್ಟು ತಿಂದೆ. ವಾಸನೆ ಬೇಡವೆಂದು ಹಲಗೆಗಳನ್ನು ಟೆರೇಸಿಗೆ ಹೊತ್ತುಕೊಂಡು ಹೋಗಿ, ಜುಲೈ ತಿಂಗಳ ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಲು ಕೂತೆ. ಬ್ರಶ್ ಹಲಗೆಗೆ ತಾಗುವಷ್ಟರಲ್ಲಿ ಬಣ್ಣ ಒಣಗಿ ಎಳೆಎಳೆಯಾಗಿ ನಿಂತಿತು. ಸಾಲದ್ದಕ್ಕೆ ಗಾಳಿ ಎದ್ದು ಮರಳೂ ಅಂಟಿತು. ಹಲಗೆ ರವೆಯಲ್ಲಿ ಹೊರಳಿಸಿದ ಮೀನಿನಂತಾಯಿತು. ಹಾರ್ಡ್‌ವೇರ್ ಅಂಗಡಿಯ ಮಲಯಾಳಿ ನನ್ನ ಕತೆ ಕೇಳಿ ತಲೆ ಚಚ್ಚಿಕೊಂಡ. ಮನೆಯೊಳಗೆ ಎಸಿ ಹಾಕಿ ಹಚ್ಚಿ ಚೇಚಿ, ಮೊದಲು ಉಜ್ಜಿ, ಪ್ರೈಮರ್ ಹೊಡೆಯಿರಿ, ಇಲ್ಲದಿದ್ದರೆ ಸಿಪ್ಪೆ ಏಳುತ್ತದೆ ಎಂದ.

ಉಜ್ಜಲು ಮಗಳೂ ಬಂದಳು. ಮೊದಲ ದಿನ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮಾತಿಲ್ಲದೆ ಉಜ್ಜಿದಳು. ಮೂರನೆಯ ದಿನ ಡ್ರೆಸಿಂಗ್ ಟೇಬಲ್ ಉಜ್ಜುತ್ತ, “ಅಮ್ಮ, ಈ ಮಿರರ್ ತೆಗೆದ್ರೆ ಇದು ಸ್ಟಡಿ ಟೇಬಲ್ ಆಗ್ತದೆ ಅಲ್ವಾ?” ಎಂದಳು. ಆಯಿತು. ಮಂಚದ ಡೊಂಕು ಕಾಲುಗಳನ್ನು ಕಳಚಿ, ಅಂಗಡಿಯ ಹಿಂದೆ ಬಿದ್ದಿದ್ದ, ಸಾಮಾನು ಹೇರುವ ಮರದ ಪ್ಯಾಲೆಟ್ಟಿನ ತುಂಡುಗಳನ್ನು ಕೂಡಿಸಿದೆವು. ತಲೆಭಾಗಕ್ಕೆ ನನ್ನ ಕಡುನೀಲಿ ಹತ್ತಿ ಸೀರೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದೆವು. ಉಳಿದದ್ದೆಲ್ಲ ಬೂದು ಬಣ್ಣ. ಅವಳು ಅದರ ಮೇಲೆ ಅಂಗಾತ ಮಲಗಿ ಫೋನಿನಲ್ಲಿ ಗೆಳತಿಯೊಬ್ಬಳಿಗೆ ಕೋಣೆಯನ್ನು ಸುತ್ತಲೂ ತೋರಿಸಿದಳು. ನಾನು ಕ್ಯಾಲೆಂಡರ್ ನೋಡಿದೆ, ಅಕ್ಕ ಬರಲು ಹನ್ನೊಂದು ದಿನವಿತ್ತು.

ಸೆಪ್ಟೆಂಬರಿನ ಮೊದಲ ಶುಕ್ರವಾರ ಎಲ್ಲರನ್ನೂ ಊಟಕ್ಕೆ ಕರೆದೆ. ಅಕ್ಕ ಕೋಣೆಯ ಹೊಸ್ತಿಲಲ್ಲೇ ನಿಂತರು.

“ಓಹೋ, ಹೊಸ ಸೆಟ್ಟಾ! ಎಷ್ಟು ಚೆನ್ನಾಗಿದೆಯಲ್ರೀ, ಎಲ್ಲಿ ತಗೊಂಡ್ರಿ?” ಎಂದು ಸೀರೆಯ ಬಟ್ಟೆ ಸವರುತ್ತ ಕೂತೇಬಿಟ್ಟರು.

ನಾನು ಚಹಾದ ಟ್ರೇ ಕೆಳಗಿಟ್ಟೆ. “ಅಕ್ಕಾ, ಅದು ಎಂತ ಗೊತ್ತುಂಟಾ...”

“ಮಾಡಿಸಿದ್ದು ಆಂಟಿ,” ಎಂದಳು ಮಗಳು, ಮೇಜಿನ ಹತ್ತಿರದಿಂದ.

“ಹೌದಾ? ಮತ್ತೆ ನಮ್ಮ ಮಂಚ?”

“ಅದನ್ನ ಎಸೆದ್ವಿ.”

“ಎಸೆದ್ರಾ?”

“ಹೊರಗೆ ಕಸದ ಡಬ್ಬಿ ಹತ್ರ ಇಟ್ವಿ ಆಂಟಿ. ಎರಡು ದಿನ ಅಲ್ಲೇ ಇತ್ತು. ಯಾರೂ ತಗೊಳ್ಳಲಿಲ್ಲ.”

ಬಂದವರೆದುರು ಸದಾ ಇಂಗ್ಲಿಷಿನಲ್ಲಿ ಗೊಣಗುವವಳು ಅಷ್ಟನ್ನೂ ಕನ್ನಡದಲ್ಲಿ, ಒಂದೊಂದೇ ಮಾತಾಗಿ ಹೇಳಿದಳು. ಅಕ್ಕನ ಮುಖ ಸಿಪ್ಪೆ ತೆಗೆದ ಸೌತೆಕಾಯಿಯ ಹಾಗೆ ಬಿಳಿಚಿತು. ಬಟ್ಟೆಯ ಮೇಲಿದ್ದ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಐದು ವರ್ಷದ ಉರಿ ನನ್ನ ಹೊಟ್ಟೆಯಲ್ಲಿ ತಣ್ಣಗಾಯಿತು. ಅಷ್ಟು ಸಿಹಿ ಚಹಾ ನಾನು ಯಾವತ್ತೂ ಕುಡಿದಿರಲಿಲ್ಲ.

ಎಲ್ಲರೂ ಹೋದ ಮೇಲೆ ಮಗಳನ್ನು ತಬ್ಬಲು ಹೋದೆ. “ಎಂಥ ಉತ್ತರ ಕೊಟ್ಟಿ ಮಗಾ!” ಅವಳು ಹಿಂದೆ ಸರಿದಳು. ಕಣ್ಣು ಕೆಂಪಾಗಿತ್ತು.

“ನೀನು ಹೇಳ್ಲಿಕ್ಕೆ ಹೊರಟಿದ್ದಿ. ನೀನು ಹೇಳಿದ್ರೆ ಇದು ಮತ್ತೆ ಅವರ ಮಂಚ ಆಗ್ತಿತ್ತು. ಎಲ್ಲರಿಗೂ ಗೊತ್ತಾಗ್ತಿತ್ತು. ನನ್ನ ಫ್ರೆಂಡ್ಸಿಗೂ.”

ಎರಡು ತಿಂಗಳು ಆ ಹಲಗೆಗಳ ಮುಂದೆ ಕೂತಿದ್ದರೂ ಅದು ನನಗೆ ಹೊಳೆದೇ ಇರಲಿಲ್ಲ. ಯಾರಿಗಾಗಿ ಉಜ್ಜಿದೆನೋ ಅವಳನ್ನೇ ಇನ್ನೊಮ್ಮೆ ಏಳು ಜನರ ಮುಂದೆ ತಲೆ ತಗ್ಗಿಸುವ ಹಾಗೆ ಮಾಡಲು ಹೊರಟಿದ್ದೆ.

ಈಗ ಅವಳ ಗೆಳತಿಯರು ವಾರಕ್ಕೊಮ್ಮೆಯಾದರೂ ಬಂದು ಆ ಮಂಚದ ಮೇಲೆ ಬಿದ್ದುಕೊಂಡಿರುತ್ತಾರೆ. ದೋಹಾದ ನಮ್ಮ ಕನ್ನಡದವರಲ್ಲಿ ಮಾತ್ರ ನನಗೆ ಕೊಟ್ಟದ್ದನ್ನು ಕಸಕ್ಕೆ ಎಸೆಯುವವಳು ಎಂಬ ಹೆಸರು ಬಂದಿದೆ. ಹೊಸದಾಗಿ ಬಂದ ಸಂಸಾರಗಳಿಗೆಲ್ಲ ಅಕ್ಕ ಈ ಕತೆಯನ್ನು ನನ್ನ ಎದುರೇ ಹೇಳುತ್ತಾರೆ, ನಮ್ಮ ಮನೆಯಲ್ಲೇ, ಅದೇ ಮಂಚದ ಮೇಲೆ ಕಾಲು ಮಡಚಿ ಕೂತು. “ಎಂಥಾ ಮಂಚ ಗೊತ್ತಾ? ಈಗ ಹುಡುಕಿದ್ರೂ ಸಿಗಲ್ಲ.” ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಮೇಜಿನ ಹತ್ತಿರ ಮಗಳು ಪುಸ್ತಕದಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಾಳೆ. ನಾನು ಅಕ್ಕನ ತಟ್ಟೆಗೆ ಇನ್ನೊಂದು ಗೋಳಿಬಜೆ ಹಾಕುತ್ತೇನೆ.