ಮೂರು ಅಂಗಡಿಯ ಉದ್ರಿ

ಬ್ಯಾಂಕಿನ ಹುಡುಗಿ ಫೋನು ಮಾಡಿ, "ಸರ್, ಎರಡನೇ ಕ್ರೆಡಿಟ್ ಕಾರ್ಡು ಪುಕ್ಕಟೆ" ಎಂದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತದೆ. ಪುಕ್ಕಟೆ ಕೊಡುವವರಿಗೆ ನನ್ನ ಪಗಾರದ ಚೀಟಿ ಯಾಕೆ ಬೇಕು? ನನ್ನ ಹತ್ತಿರ ಇರುವುದು ಒಂದೇ ಕಾರ್ಡು. ಅದನ್ನೂ ಹೆಂಡತಿಗೆ ಹೇಳಿಯೇ ಬಳಸುತ್ತೇನೆ, ಗಡುವಿಗೆ ಮೊದಲೇ ತೀರಿಸುತ್ತೇನೆ. ಜಿಪುಣ ಎನ್ನುವವರು ಎನ್ನಲಿ. ಎಂಬತ್ತರ ದಶಕದ ಶುರುವಿನಲ್ಲಿ ಮಾನ್ವಿಯಲ್ಲಿ ನಾನು ಮಾಡಿದ ಘನಕಾರ್ಯ ಅವರಿಗೇನು ಗೊತ್ತು!

ಆಗ ಕಾರ್ಡಿನ ಜಾಗದಲ್ಲಿ ಇದ್ದದ್ದು ಉದ್ರಿ ಖಾತೆ. ತಿಂಗಳೆಲ್ಲ ಸಾಮಾನು ಒಯ್ಯುವುದು, ಅಂಗಡಿಯವನು ಬರೆದುಕೊಳ್ಳುವುದು, ಒಂದನೇ ತಾರೀಖಿಗೆ ತೀರಿಸುವುದು. ಈ ಭಾಗ್ಯ ಪಗಾರದವರಿಗೆ ಮಾತ್ರ. ನಾವು ದೇವದುರ್ಗದ ಕಡೆಯ ಕೂಲಿ ಮಂದಿ. ನಮ್ಮಪ್ಪ ಅಂಗಡಿಯ ಕಟ್ಟೆ ಹತ್ತುವಂತಿರಲಿಲ್ಲ. ಕೆಳಗೆ ನಿಂತು ಕಲ್ಲಿನ ಮೇಲೆ ರೊಕ್ಕ ಇಟ್ಟರೆ, ಸಾವಕಾರ ಮೇಲಿನಿಂದ ಪೊಟ್ಟಣವನ್ನು ಅವನ ಟವೆಲಿಗೆ ಹಾಕುತ್ತಿದ್ದ. ಅಪ್ಪ ಸತ್ತ ಮೇಲೆ ನನಗೆ ಮಾನ್ವಿಯ ಒಂದು ಆಫೀಸಿನಲ್ಲಿ ಗುಮಾಸ್ತಿಕೆ ಸಿಕ್ಕಿತು. ಅವ್ವ ಮತ್ತು ತಂಗಿಯನ್ನು ಕರೆತಂದು ಬಾಡಿಗೆ ಮನೆ ಮಾಡಿದೆ.

ಮೊದಲ ವಾರವೇ ಕಿರಾಣಿ ಅಂಗಡಿಯವನು ಕೈ ಮಾಡಿ ಕರೆದ. "ಬರ್ರಿ ಸಾಹೇಬ್ರ, ಒಳಗ ಬರ್ರಿ, ಕುಂಡ್ರಿ. ರೊಕ್ಕದ ಮಾತ್ಯಾಕ? ಪಗಾರ ಆದ ಮ್ಯಾಲ ನೋಡೂಣು."

ನಾನು ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಆವತ್ತು ಆದ ಖುಷಿಯನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ನಿಜ.

ಅವ್ವನಿಗೆ ಇದು ಹಿಡಿಸಲಿಲ್ಲ. "ಅವ ನಿನ್ನ ಯಾಕ ಕರದ?" ಎಂದಳು.

"ಒಳ್ಳೇ ಮನಷ್ಯಾ ಅದಾನ ಯವ್ವಾ."

"ನಿಮ್ಮಪ್ಪನೂ ಒಳ್ಳೇ ಮನಷ್ಯಾನ ಇದ್ದ. ಅವನ್ನ ಯಾರು ಕರದ್ರು? ಅವ ಕರದದ್ದು ನಿನ್ನ ಪಗಾರಕ್ಕ. ಇಟ್ರ ಒಂದ ಅಂಗಡ್ಯಾಗ ಖಾತಿ ಇಡು. ಎರಡಾದ್ರ ಲೆಕ್ಕ ನಿನಗ ತಿಳಿಯಾಂಗಿಲ್ಲ, ಅವರಿಗೆ ತಿಳೀತದ."

ಹೂಂ ಎಂದೆ. ಮೂರು ತಿಂಗಳೊಳಗೆ ಅರಿವೆ ಅಂಗಡಿಯವನು ಗಾದಿಯ ಮೇಲೆ ಕೂರಿಸಿ ಪ್ಯಾಂಟಿನ ಬಟ್ಟೆ ಹರಿದುಕೊಟ್ಟ. ಆಮೇಲೆ ಹೋಟೆಲಿನವನು. ಗೆಳೆಯರನ್ನು ಕರೆದೊಯ್ದು ಮಿರ್ಚಿ, ಚಹಾ ಹೇಳಿ, "ಬರಕೋರಿ" ಎಂದು ಎದ್ದುಬರುವ ಗತ್ತೇ ಬೇರೆ. ಈ ತಿಂಗಳು ಇವನಿಗೆ ಅರ್ಧ, ಮುಂದಿನ ತಿಂಗಳು ಅವನಿಗೆ ಅರ್ಧ ಕೊಟ್ಟು ಸಂಭಾಳಿಸುತ್ತಿದ್ದೆ. ಅವ್ವನಿಗೆ ಗೊತ್ತಿದ್ದದ್ದು ಕಿರಾಣಿ ಅಂಗಡಿ ಒಂದೇ.

ಅಷ್ಟರಲ್ಲಿ ತಂಗಿಗೆ ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೀಟು ಸಿಕ್ಕಿತು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಬರುವ ತಿಂಗಳ ಐದನೇ ತಾರೀಖಿನೊಳಗೆ ಫೀ ಮತ್ತು ಹಾಸ್ಟೆಲಿನ ರೊಕ್ಕ ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತಿತ್ತು. ಅರ್ಧ ಅವ್ವನ ಕೂಲಿಯ ಗಂಟಿನಲ್ಲಿತ್ತು. ಉಳಿದ ಅರ್ಧ ನನ್ನ ಪಗಾರದಲ್ಲಿ ಕೊಡುತ್ತೇನೆಂದು ಮಾತು ಕೊಟ್ಟೆ. ಅಂಗಡಿಯವರನ್ನು ಒಂದು ತಿಂಗಳು ಮುಂದಕ್ಕೆ ತಳ್ಳಿದರಾಯಿತು ಎಂದುಕೊಂಡಿದ್ದೆ.

ಒಂದು ದಿನ ಅವ್ವ ನನ್ನ ಪ್ಯಾಂಟು ಒಗೆಯುತ್ತ, "ಇದು ಹೊಸಾದು. ಎಲ್ಲಿಂದ ಬಂತು?" ಎಂದಳು.

"ಉದ್ರಿ ಏನಲ್ಲ, ಗೆಳೆಯ ಕೊಟ್ಟ" ಎಂದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಉದ್ರಿಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಅವ್ವ ಪ್ಯಾಂಟು ಹಿಂಡಿದಳು.

ಒಂದನೇ ತಾರೀಖು ಪಗಾರ ಎಣಿಸಿಕೊಂಡು ಹೊರಗೆ ಬರುತ್ತೇನೆ, ಆಫೀಸಿನ ಗೇಟಿನಲ್ಲಿ ಕಿರಾಣಿಯವನು, ಅರಿವೆಯವನು, ಹೋಟೆಲಿನವನು ಮೂವರೂ ಪುಸ್ತಕ ಹಿಡಿದು ನಿಂತಿದ್ದಾರೆ. ವರ್ಗವಾದ ನೌಕರ ಬಸ್ಸು ಹತ್ತಿದನೆಂದರೆ ಉದ್ರಿ ಮುಳುಗಿತು ಎಂದೇ ಲೆಕ್ಕ. ಹಾಗಾಗಿ ವರ್ಗದ ಸುದ್ದಿ ಬಂದವನನ್ನು ಅಂಗಡಿಯವರು ಹೀಗೆ ಗೇಟಿನಲ್ಲೇ ಹಿಡಿಯುತ್ತಿದ್ದರು.

"ದೇವದುರ್ಗಕ್ಕ ವರ್ಗ ಆಗ್ಯದಂತ?" ಎಂದ ಕಿರಾಣಿಯವನು. 'ರೀ' ಎಲ್ಲಿ ಹೋಯಿತೋ!

"ಯಾರ್ರೀ ಹೇಳಿದ್ರು? ಸುಳ್ಳದು!"

"ಊರೆಲ್ಲ ಅದ ಮಾತಾಡಾಕತ್ತದ. ಮೊದಲ ಬಾಕಿ ಕೊಡು."

ಸಾಹೇಬರು ಕಿಟಕಿಯಲ್ಲಿ ನೋಡುತ್ತಿದ್ದರು. ಮಾನ ಹೋಗುತ್ತದೆಂದು ಕೈಯಲ್ಲಿದ್ದ ರೊಕ್ಕ ಕೊಟ್ಟುಬಿಟ್ಟೆ. ಉಳಿದದ್ದು ಬಾಡಿಗೆಗೆ ಸಾಲುವಷ್ಟು. ಈ ಸುದ್ದಿ ಹಬ್ಬಿಸಿದವನು ನಮ್ಮ ಆಫೀಸಿನ ಜವಾನನೇ ಎಂದು ನನಗೆ ಖಾತ್ರಿಯಾಯಿತು. ಅವನನ್ನು ಹಿಡಿದು ಬಾಯಿಗೆ ಬಂದಂತೆ ಬೈದೆ. ಪಾಪ, ಅವನು ಕಣ್ಣು ಬಿಟ್ಟುಕೊಂಡು ನಿಂತಿದ್ದ.

ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲೇ ಕುಳಿತಿದ್ದಳು. "ಮೂರು ಮಂದಿ ಬಂದಿದ್ರು. ನಾ ನಿನ್ನ ಆಫೀಸಿನ ಎದುರಿನ ಬೇವಿನ ಗಿಡದ ಬುಡಕ ಕುಂತು ಎಣಿಸಿ ಬಂದೀನಿ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಅವ್ವನೇ ಹೇಳಿದಳು. ಹಿಟ್ಟಿನ ಗಿರಣಿಯಲ್ಲಿ ಪಾಳಿಗೆ ನಿಂತ ಹೆಂಗಸರ ಕಿವಿಗೆ, "ನನ್ನ ಮಗಗ ವರ್ಗ ಆಗ್ಯದ" ಎಂದು ಹಾಕಿದವಳು ಅವಳೇ. ಎಷ್ಟು ಮಂದಿ ಓಡಿಬರುತ್ತಾರೋ ಅಷ್ಟು ಖಾತೆ ಇವೆ ಎಂದು ಲೆಕ್ಕ ಹಿಡಿಯಲು!

"ಯಾಕ ಇಟ್ಟಿ ಮೂರು?" ಎಂದಳು.

"ಒಳಗ ಕರದು ಕುಂಡ್ರಿ ಅಂದ್ರು ಯವ್ವಾ."

"ಕುಂಡ್ರಿ ಅಂದಿದ್ದಕ್ಕ ಎಷ್ಟು ಕೊಟ್ಟಿ?"

ಕಿಸೆಯಲ್ಲಿ ಉಳಿದಿದ್ದನ್ನು ತೋರಿಸಿದೆ. ಅವ್ವನ ಮುಖ ಕಪ್ಪಿಟ್ಟಿತು. ಅವರು ಬಂದು ಕೇಳುತ್ತಾರೆ, ಅಷ್ಟಿಷ್ಟು ಒಯ್ಯುತ್ತಾರೆ ಎಂದು ಅವಳು ತಿಳಿದಿದ್ದಳು. ಇಡೀ ಬಾಕಿ ಒಂದೇ ಸಲಕ್ಕೆ ಕಿತ್ತುಕೊಳ್ಳುತ್ತಾರೆಂದು ಅವಳಿಗೇನು ಗೊತ್ತು, ಅವಳಿಗೆ ಯಾರೂ ಎಂದೂ ಉದ್ರಿ ಕೊಟ್ಟವರಲ್ಲ. ಒಲೆಯ ಹತ್ತಿರ ಕುಳಿತ ತಂಗಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಾನು ಖಾತೆಗಳನ್ನು ಮುಚ್ಚಿಟ್ಟೆ, ಅವ್ವ ಉಪಾಯ ಹೂಡಿದಳು, ಫೀ ಹೋಯಿತು.

ಮರುದಿನ ಅವ್ವ ನನ್ನನ್ನು ಕರೆದುಕೊಂಡು ಕಿರಾಣಿ ಅಂಗಡಿಗೆ ನಡೆದಳು. "ವರ್ಗ ಆಗಿಲ್ರೀ ಯಪ್ಪಾ, ನಾನ ಸುಳ್ಳು ಹೇಳಿದ್ದು. ಹುಡುಗಿ ಫೀಗೆ ಅರ್ಧ ರೊಕ್ಕ ತಿರುಗಿ ಕೊಡ್ರಿ, ಬರೋ ತಿಂಗಳು ಕೊಡ್ತೀವಿ" ಎಂದು ಕೈ ಮುಗಿದಳು.

ಅವನು ನಕ್ಕ. "ಅಕ್ಕಿ ಬೇಕೇನು, ಒಯ್ಯಿರಿ. ಬೆಲ್ಲ ಬೇಕೇನು, ಒಯ್ಯಿರಿ. ಖಾತಿ ತೆರದ ಅದ. ರೊಕ್ಕ ಉದ್ರಿ ಕೊಡಾಂಗಿಲ್ಲ."

ಉಳಿದಿಬ್ಬರೂ ಅದನ್ನೇ ಹೇಳಿದರು. ಇಡೀ ಪೇಟೆಯಲ್ಲಿ ನನಗೆ ಪ್ಯಾಂಟು ಸಿಗುತ್ತಿತ್ತು, ಮಿರ್ಚಿ ಸಿಗುತ್ತಿತ್ತು, ತಂಗಿಯ ಫೀ ಸಿಗಲಿಲ್ಲ. ಐದನೇ ತಾರೀಖು ಕಳೆಯಿತು. ಆರನೇ ತಾರೀಖು ಬೆಳಿಗ್ಗೆ ತಂಗಿ ಬುತ್ತಿ ಕಟ್ಟಿಕೊಂಡು ಅವ್ವನ ಜೊತೆ ಕಳೆ ತೆಗೆಯುವ ಕೂಲಿಗೆ ಹೋದಳು. ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡು ಆಫೀಸಿಗೆ ಹೋದೆ.

ಆ ವಾರ ಊಟಕ್ಕೆ ಕುಳಿತಾಗ ತಂಗಿ ಒಮ್ಮೆ ಕೇಳಿದಳು: "ಅಣ್ಣಾ, ನಿನ್ನ ಪಗಾರ ಎಷ್ಟು?"

ಆಗಲೂ ನಾನು ಇಪ್ಪತ್ತು ರೂಪಾಯಿ ಕಡಿಮೆ ಹೇಳಿದೆ. ಯಾಕೆ ಹೇಳಿದೆನೋ ದೇವರಿಗೇ ಗೊತ್ತು. ತಂಗಿ ತಲೆಯಾಡಿಸಿ ರೊಟ್ಟಿ ಮುರಿದಳು.

ಮುಂದಿನ ವರ್ಷ ಅವಳಿಗೆ ಮತ್ತೆ ಸೀಟು ಸಿಕ್ಕಿತು. ಕೂಲಿಯ ರೊಕ್ಕವನ್ನು ತಾನೇ ಕೂಡಿಟ್ಟಿದ್ದಳು. ಎಲ್ಲಿ ಇಟ್ಟಿದ್ದಳೋ, ನನಗೂ ಹೇಳಿರಲಿಲ್ಲ, ಅವ್ವನಿಗೂ ಹೇಳಿರಲಿಲ್ಲ. ಫೀ ಕಟ್ಟಲು ರಾಯಚೂರಿಗೆ ಹೊರಟ ದಿನ ನಾನೂ ಅವ್ವನೂ ಚಪ್ಪಲಿ ಮೆಟ್ಟಿಕೊಂಡೆವು.

"ಯಾರೂ ಬರಬ್ಯಾಡ್ರಿ" ಎಂದು ಹೇಳಿ, ತಂಗಿ ಒಬ್ಬಳೇ ಬಸ್ಸಿಗೆ ಹೋದಳು.